ಥೇಮ್ಸ್ ತೀರದ ವಾಲಿಂಗ್‌ಫರ್ಡ್: ಹೊಳೆ ದಾಟುವವರಿಂದ ಬೆಳೆದ ಊರು

ಇಂಗ್ಲೆಂಡ್ ಎಂದೊಡನೆ ನಮ್ಮವರ ಕಣ್ಣೆದುರಿಗೆ ಬಂದು ನಿಲ್ಲುವುದು ಲಂಡನ್ ನಗರ. ಲಂಡನ್ ಎಂದೊಡನೆ ನೆನಪಾಗುವುದು ಥೇಮ್ಸ್ ನದಿ, ಅದರ ಮೇಲಿನ ಸೇತುವೆಗಳು, ದಡದಲ್ಲಿರುವ ಪಾರ್ಲಿಮೆಂಟ್ ಭವನ. ಆದರೆ 346 ಕಿಲೋಮೀಟರ್ ಉದ್ದದ ಆ ನದಿಯು ರಾಜಧಾನಿಯನ್ನು ಸೇರುವ ಮೊದಲು ಬಹು ದೂರದವರೆಗೆ ಹಳ್ಳಿಗಾಡಿನ ಹೊಳೆಯಾಗಿಯೇ ಹರಿದು ಬರುತ್ತದೆ. ಹುಲ್ಲುಗಾವಲು, ವಿಲೋ ಮರಗಳ ಸಾಲು, ಮೇಯುವ ದನ, ದಡಕ್ಕೆ ಕಟ್ಟಿದ ದೋಣಿ, ನಡುನಡುವೆ ಒಂದೊಂದು ಪೇಟೆ, ಇಷ್ಟೇ ಅದರ ಸಂಸಾರ. ಇಂತಹ ಪೇಟೆಗಳಲ್ಲೊಂದಾದ ವಾಲಿಂಗ್‌ಫರ್ಡಿನ ವೃತ್ತಾಂತವನ್ನು ಇಂದು ವಾಚಕರ ಮುಂದಿಡಬೇಕೆಂದು ನಮ್ಮ ಉದ್ದೇಶ. ನಮ್ಮ ಕಡೆಯ ಒಂದು ಸಾಧಾರಣ ತಾಲ್ಲೂಕು ಕೇಂದ್ರಕ್ಕಿಂತಲೂ ಚಿಕ್ಕದಾದ ಈ ಊರಿನ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಆದರೂ ಇಂಗ್ಲೆಂಡಿನ ಸಿಂಹಾಸನದ ಹಣೆಬರಹವು ಎರಡು ಬಾರಿ ಇಲ್ಲಿನ ನೀರಿನ ದಡದಲ್ಲಿ ತಿರುಗಿತು. ಮತ್ತು ನಮ್ಮ ಹೊಸಕೋಟೆಯ ರಾಗಿ ಹೊಲಕ್ಕೂ ಈ ಊರಿಗೂ ಒಂದು ಸಂಬಂಧವುಂಟು. ಅದನ್ನು ಕಡೆಯಲ್ಲಿ ಹೇಳುವೆವು.

ಆಕ್ಸ್‌ಫರ್ಡ್ ವಿದ್ಯಾನಗರದಿಂದ ಆಗ್ನೇಯ ದಿಕ್ಕಿಗೆ ಸುಮಾರು 12 ಮೈಲು ಬಂದರೆ, ನದಿಯ ಪಶ್ಚಿಮ ದಂಡೆಯ ಮೇಲೆ ವಾಲಿಂಗ್‌ಫರ್ಡ್ ಸಿಗುತ್ತದೆ. 1974ರವರೆಗೆ ಇದು ಬರ್ಕ್‌ಶೈರ್ ಜಿಲ್ಲೆಗೆ ಸೇರಿತ್ತು. ಬಳಿಕ ಆಕ್ಸ್‌ಫರ್ಡ್‌ಶೈರಿಗೆ ಸೇರಿತು. ಊರಿನ ಪೂರ್ವಕ್ಕೆ ಚಿಲ್ಟರ್ನ್ ಎಂಬ ಗುಡ್ಡಗಳ ಸಾಲು; ನೈಋತ್ಯಕ್ಕೆ ಮರಗಳಿಲ್ಲದ, ಹಸುರು ಹುಲ್ಲಿನಿಂದ ಮುಚ್ಚಿದ ದಿಣ್ಣೆಗಳು. ಎರಡೂ ಸೀಮೆಸುಣ್ಣದಂತಹ ಬಿಳಿಯ, ಮೃದುವಾದ ಕಲ್ಲಿನವು. ಊರಿನಿಂದ ಕೆಲವು ಮೈಲು ದಕ್ಷಿಣಕ್ಕೆ ಗೋರಿಂಗ್ ಎಂಬಲ್ಲಿ ನದಿಯು ಈ ಬಿಳಿಯ ಗುಡ್ಡವನ್ನು ಕೊರೆದು ದಾರಿ ಮಾಡಿಕೊಂಡು ಮುಂದೆ ಸಾಗುತ್ತದೆ. ವಾಯವ್ಯಕ್ಕೆ ನೋಡಿದರೆ ತಲೆಯ ಮೇಲೆ ಬೀಚ್ ಮರಗಳ ಗುಂಪನ್ನು ಹೊತ್ತ ಜೋಡಿ ಗುಡ್ಡಗಳು ಕಾಣುತ್ತವೆ. ವಿಟೆನ್‌ಹ್ಯಾಮ್ ಗುಡ್ಡಗಳೆಂದು ಅವುಗಳ ಹೆಸರು; ಒಂದರ ಮೇಲೆ ರೋಮನರಿಗಿಂತಲೂ ಹಿಂದಿನ ಕೋಟೆಯ ಕಂದಕವಿದೆ. ಪಾಲ್ ನ್ಯಾಶ್ ಎಂಬ ಆಂಗ್ಲ ಚಿತ್ರಕಾರನಿಗೆ ಈ ಗುಡ್ಡಗಳ ಮೇಲೆ ಎಷ್ಟು ಮೋಹವಿತ್ತೆಂದರೆ ಆತ ಜೀವಮಾನವಿಡೀ ಅವನ್ನು ಮತ್ತೆ ಮತ್ತೆ ಬರೆದ. ಅಲ್ಲಿ ಸಹ್ಯಾದ್ರಿಯ ಭಯಂಕರತೆಯೂ ಇಲ್ಲ, ಶರಾವತಿಯ ಅಬ್ಬರವೂ ಇಲ್ಲ. ಎಲ್ಲವೂ ತಗ್ಗಿದ ದನಿಯಲ್ಲಿ ಮಾತಾಡುವಂತಹ ಸೀಮೆ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ; ನಮ್ಮ ಉಡುಪಿ ಮಂಗಳೂರಿನ ಕಡೆ ಆಟಿ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಆದರೆ ಅಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುವುದರಿಂದ ಹೊಳೆ ಎಂದೂ ಬತ್ತುವುದಿಲ್ಲ.

ಊರಿನ ಹೆಸರಿನ ಕೊನೆಯಲ್ಲಿರುವ ‘ಫರ್ಡ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಹಾಯ್ಗಡ ಎಂದು ಅರ್ಥ. ಅಂದರೆ ಹೊಳೆಯ ಪಾತ್ರ ಹರವಾಗಿ, ತಳ ಗಟ್ಟಿಯಾಗಿ, ದೋಣಿಯಿಲ್ಲದೆ ನಡೆದೇ ದಾಟಬಹುದಾದ ಜಾಗ. ಇಡೀ ಊರಿನ ಚರಿತ್ರೆಯು ಈ ಒಂದು ಪದದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ಕೆಳಗಿನ ಥೇಮ್ಸನ್ನು ಸೈನ್ಯದೊಡನೆ, ಬಂಡಿಗಳೊಡನೆ, ದನಕರುಗಳೊಡನೆ ದಾಟುವುದು ಸುಲಭದ ಮಾತಾಗಿರಲಿಲ್ಲ. ದಾಟಲು ಬರುವ ಜಾಗ ಯಾರ ಕೈಯಲ್ಲಿದೆಯೋ ಅವರಿಗೆ ದೇಶದ ಬೀಗದಕೈ ಸಿಕ್ಕಂತೆಯೇ ಸರಿ.

ಇದನ್ನು ಮೊದಲು ಕಂಡುಕೊಂಡವರು 9ನೆಯ ಶತಮಾನದ ಅಂತ್ಯದಲ್ಲಿ ಆಳಿದ ಆಲ್ಫ್ರೆಡ್ ಮಹಾರಾಜನ ಕಡೆಯವರು. ಸಮುದ್ರ ದಾಟಿ ಬಂದು ಸುಲಿಯುತ್ತಿದ್ದ ಡೇನ್ ಜನರನ್ನು ತಡೆಯಲು ಆತ ತನ್ನ ರಾಜ್ಯದ ತುಂಬ ಕೋಟೆಪಟ್ಟಣಗಳ ಜಾಲವನ್ನು ಹೆಣೆದ. ಅವುಗಳ ಲೆಕ್ಕಪತ್ರವೊಂದು ಇಂದಿಗೂ ಉಳಿದಿದೆ. ಗುಮಾಸ್ತರಾದ ನಮ್ಮ ವಾಚಕರು ಆ ಲೆಕ್ಕದ ರೀತಿಯನ್ನು ಖಂಡಿತ ಮೆಚ್ಚುವರು. ಕೋಟೆಯ ಗೋಡೆ 16½ ಅಡಿಗೆ 4 ಮಂದಿಯಂತೆ ಕಾವಲು. ಒಬ್ಬೊಬ್ಬನಿಗೆ ‘ಹೈಡ್’ ಎಂಬ ಒಂದೊಂದು ಅಳತೆಯ ಜಮೀನು ಆಧಾರ. ವಾಲಿಂಗ್‌ಫರ್ಡಿಗೆ ಹಚ್ಚಿದ್ದು 2,400 ಹೈಡ್. ಅಂದರೆ 2,400 ಕಾವಲುಗಾರರು, 9,900 ಅಡಿ ಗೋಡೆ. ರಾಜಧಾನಿಯಾಗಿದ್ದ ವಿಂಚೆಸ್ಟರಿಗೂ ಅದೇ 2,400. ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆ ಬೇರೊಂದಿಲ್ಲ. ಮೂರು ದಿಕ್ಕಿಗೆ ಮಣ್ಣಿನ ದಿಬ್ಬ, ನಾಲ್ಕನೆಯ ದಿಕ್ಕಿಗೆ ನದಿಯೇ ಗೋಡೆ. ಸಾವಿರದ ನೂರು ವರ್ಷಗಳ ಮೇಲೂ ಆ ಮಣ್ಣಿನ ದಿಬ್ಬಗಳು ಅಲ್ಲಿ ನಿಂತಿವೆ. ಕಿನೆಕ್ರಾಫ್ಟ್, ಬುಲ್‌ಕ್ರಾಫ್ಟ್ ಎಂಬ ಎರಡು ಬಯಲುಗಳ ಅಂಚಿನಲ್ಲಿ ಹುಲ್ಲು ಹೊದ್ದ ಏರಿಯಂತೆ ಕಾಣುವುದೇ ಆಲ್ಫ್ರೆಡನ ಕಾಲದ ಕೋಟೆ. ಊರಿನ ಬೀದಿಗಳು ಇಂದಿಗೂ ಅಂದಿನ ಗೆರೆಯಲ್ಲೇ ನೇರವಾಗಿ ಓಡುತ್ತವೆ. 1006ರಲ್ಲಿ ಡೇನರು ಈ ಊರನ್ನು ಸುಟ್ಟು ಬೂದಿ ಮಾಡಿದರು. ಬೂದಿಯ ಮೇಲೆ ಊರು ಮತ್ತೆ ಎದ್ದಿತು. ಹೊಳೆ ದಾಟುವವರು ಇರುವತನಕ ಊರು ಏಳಲೇಬೇಕಲ್ಲವೆ?

1066ನೆಯ ಇಸವಿಯು ಇಂಗ್ಲೆಂಡಿನ ಶಾಲಾಮಕ್ಕಳೆಲ್ಲರಿಗೂ ಬಾಯಿಪಾಠ. ಆ ವರ್ಷದ ಅಕ್ಟೋಬರ್ 14ರಂದು ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕದನದಲ್ಲಿ ಗೆದ್ದ. ಗೆದ್ದರೂ ಲಂಡನ್ ಒಲಿಯಲಿಲ್ಲ. ಅಲ್ಲಿನ ಸೇತುವೆಯನ್ನು ದಾಟಿಹೋಗಲು ಅವನಿಂದಾಗಲಿಲ್ಲ. ದಕ್ಷಿಣ ದಂಡೆಯ ಮನೆಗಳಿಗೆ ಬೆಂಕಿಯಿಟ್ಟು, ನದಿಯ ಪಕ್ಕಕ್ಕೇ ಪಶ್ಚಿಮಕ್ಕೆ ಸುತ್ತುಹಾಕಿ, ದಾಟಲು ಜಾಗ ಹುಡುಕುತ್ತ ಹೊರಟವನು ಬಂದು ದಾಟಿದ್ದು ವಾಲಿಂಗ್‌ಫರ್ಡಿನಲ್ಲಿ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಟಿಗಂಡ್ ಇಲ್ಲಿಗೇ ಬಂದು ಅವನಿಗೆ ಶರಣಾದ. ಅದೇ ಡಿಸೆಂಬರ್ 25ರಂದು ವಿಲಿಯಮನಿಗೆ ಪಟ್ಟಾಭಿಷೇಕವಾಯಿತು. ಊರಿನ ಒಡೆಯನಾಗಿದ್ದ ವಿಗಾಡ್ ಎಂಬವನು ಹೊಸಬನಿಗೆ ಎದುರು ನಿಲ್ಲದೆ ಸ್ವಾಗತಿಸಿದನಂತೆ. ಅದರ ಕೃತಜ್ಞತೆಗೆಂದು ಅರಸ ಈ ಊರಿಗೊಂದು ರಿಯಾಯತಿ ಕೊಟ್ಟನೆಂದು ಹೇಳಿಕೆ. ರಾತ್ರಿ ಒಲೆಯ ಬೆಂಕಿ ಮುಚ್ಚಿ ಮಲಗಬೇಕೆಂದು ಗಂಟೆ ಬಾರಿಸುವುದು ಬೇರೆಡೆಯಲ್ಲೆಲ್ಲ ಎಂಟಕ್ಕಾದರೆ, ವಾಲಿಂಗ್‌ಫರ್ಡಿನಲ್ಲಿ ಒಂಬತ್ತಕ್ಕೆ! ಒಂದು ಗಂಟೆ ಹೆಚ್ಚು ಅಂಗಡಿ ತೆರೆದಿಡುವ ಅಪ್ಪಣೆಯ ಬೆಲೆ ಏನೆಂಬುದನ್ನು ಹೋಟೆಲಿನವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಆ ರಿಯಾಯತಿಗೆ ಊರು ತೆತ್ತ ಬೆಲೆಯನ್ನೂ ಹೇಳಬೇಕು. ವಿಗಾಡನ ಮಗಳನ್ನು ಮದುವೆಯಾದ ರಾಬರ್ಟ್ ಡಾಯ್ಲಿ ಎಂಬ ನಾರ್ಮನ್ ಸರದಾರ ನದಿಯ ಮಗ್ಗುಲಲ್ಲಿ ದೊಡ್ಡ ಕೋಟೆ ಎಬ್ಬಿಸಿದ. ಅದಕ್ಕಾಗಿ ಎಂಟು ಮನೆಗಳನ್ನು ಕೆಡವಿದರೆಂದು 1086ರ ಭೂದಾಖಲೆಯಲ್ಲಿ ಬರೆದಿದೆ. ಕೆಡವಿಸಿಕೊಂಡವರ ಹೆಸರುಗಳಿಲ್ಲ.

ಈ ಕೋಟೆಯ ದೊಡ್ಡ ದಿನಗಳು ಬಂದದ್ದು 12ನೆಯ ಶತಮಾನದಲ್ಲಿ. ಮೊದಲನೆಯ ಹೆನ್ರಿ ತೀರಿಕೊಂಡಾಗ ಸಿಂಹಾಸನ ತನಗೇ ಎಂದು ಮಗಳು ಮಟಿಲ್ಡಾ, ತನಗೇ ಎಂದು ಸೋದರಳಿಯ ಸ್ಟೀಫನ್. ದಾಯಾದಿ ಜಗಳ ಎಂದರೆ ನಮ್ಮವರಿಗೆ ಭಾರತ ಕಥೆಯೇ ನೆನಪಾಗುತ್ತದೆ. ಅಲ್ಲಿಯೂ ಹದಿನೆಂಟು ವರ್ಷಗಳ ಕಾಲ ಅಂತಹದೇ ಒಂದು ಕಥೆ ನಡೆಯಿತು. 1142ರ ಚಳಿಗಾಲದಲ್ಲಿ ಮಟಿಲ್ಡಾ ಆಕ್ಸ್‌ಫರ್ಡ್ ಕೋಟೆಯೊಳಗೆ ಸಿಕ್ಕಿಬಿದ್ದಿದ್ದಳು. ಹೊರಗೆ ಸ್ಟೀಫನನ ಮುತ್ತಿಗೆ, ಒಳಗೆ ಅನ್ನವಿಲ್ಲ. ನೆಲವೆಲ್ಲ ಹಿಮ, ಹೊಳೆ ಹೆಪ್ಪುಗಟ್ಟಿತ್ತು. ಒಂದು ರಾತ್ರಿ ಆಕೆ ಬಿಳಿಯ ಬಟ್ಟೆ ಹೊದ್ದು, ಮೂರು ನಾಲ್ಕು ಜನ ನಂಬಿಗಸ್ತರೊಡನೆ ಕೋಟೆಯಿಂದ ಜಾರಿ, ಮಂಜುಗಡ್ಡೆಯ ಮೇಲೆ ನದಿ ದಾಟಿ, ಕಾವಲುಗಾರರ ನಡುವೆಯೇ ಹಿಮದ ಬಣ್ಣದಲ್ಲಿ ಮರೆಯಾಗಿ ನಡೆದಳು. ಅಬಿಂಗ್ಡನ್ನಿನವರೆಗೆ ಕಾಲ್ನಡಿಗೆ; ಅಲ್ಲಿಂದ ಕುದುರೆಯೇರಿ ವಾಲಿಂಗ್‌ಫರ್ಡ್. ಅಲ್ಲಿನ ಕೋಟೆಯ ಒಡೆಯ ಬ್ರಿಯಾನ್ ಫಿಟ್ಸ್‌ಕೌಂಟ್ ಅವಳಿಗೆ ಬಾಗಿಲು ತೆರೆದ. ದೇಶದ ಅರ್ಧದಷ್ಟು ಸರದಾರರು ಲಾಭ ನೋಡಿ ಪಕ್ಷ ಬದಲಿಸುತ್ತಿದ್ದ ಕಾಲದಲ್ಲಿ ಈತನೊಬ್ಬ ಕೊನೆಯತನಕ ಬದಲಿಸಲಿಲ್ಲ. ಸ್ಟೀಫನ್ ಮತ್ತೆ ಮತ್ತೆ ಬಂದು ಮುತ್ತಿದರೂ ಕೋಟೆ ಮಣಿಯಲಿಲ್ಲ.

1153ರಲ್ಲಿ ಮಟಿಲ್ಡಾಳ ಮಗ ಹೆನ್ರಿ ಸೈನ್ಯದೊಡನೆ ಬಂದ. ಒಂದು ಕಡೆ ಅವನ ದಂಡು, ಇನ್ನೊಂದು ಕಡೆ ಸ್ಟೀಫನನದು, ನಡುವೆ ಥೇಮ್ಸ್. ಕಹಳೆ ಊದಿದರೆ ಸಾಕು, ಹೊಳೆ ಕೆಂಪಾಗುವುದರಲ್ಲಿ ಸಂದೇಹವಿರಲಿಲ್ಲ. ಆದರೆ ಎರಡೂ ಕಡೆಯ ಸರದಾರರು ಕಾದಾಡಲು ಒಪ್ಪಲಿಲ್ಲ. ಸುಟ್ಟ ಹಳ್ಳಿ, ಬೀಳು ಬಿದ್ದ ಹೊಲ ನೋಡಿ ನೋಡಿ ಎಲ್ಲರಿಗೂ ಸಾಕಾಗಿತ್ತು. ನದಿಯ ಕಿರಿದಾದ ಒಂದು ಜಾಗದಲ್ಲಿ ಆಚೆ ದಡದಲ್ಲೊಬ್ಬ ಈಚೆ ದಡದಲ್ಲೊಬ್ಬ ನಿಂತು ಸ್ಟೀಫನ್ ಮತ್ತು ಹೆನ್ರಿ ಮಾತಾಡಿದರು. ಸ್ಟೀಫನ್ ಬದುಕಿರುವವರೆಗೆ ಅವನೇ ಅರಸ, ಅನಂತರ ಹೆನ್ರಿ ಎಂಬ ಒಪ್ಪಂದಕ್ಕೆ ಇದು ನಾಂದಿ. ಅದೇ ವರ್ಷ ವಿಂಚೆಸ್ಟರಿನಲ್ಲಿ ಅದು ಕಾಗದಕ್ಕಿಳಿಯಿತು. ಮರುವರ್ಷ ಸ್ಟೀಫನ್ ತೀರಿಕೊಂಡ, ಹೆನ್ರಿ ದೊರೆಯಾದ. ಕಷ್ಟಕಾಲದಲ್ಲಿ ತಮ್ಮ ಕೈ ಬಿಡದ ಊರನ್ನು ಆತ ಮರೆಯಲಿಲ್ಲ. 1155ರಲ್ಲಿ ವಾಲಿಂಗ್‌ಫರ್ಡಿನ ಪುರಜನರಿಗೆ ಸನದು ಬರೆದುಕೊಟ್ಟ. ಅವರಿಗೆ ತಮ್ಮದೇ ಸಂತೆ, ತಮ್ಮದೇ ವರ್ತಕ ಸಂಘ. ಅರಸನ ರಾಜ್ಯದಲ್ಲಿ ಎಲ್ಲಿಗೆ ಸರಕು ಒಯ್ದರೂ ಸುಂಕವಿಲ್ಲ. ಇಂಗ್ಲೆಂಡಿನಲ್ಲಿ ಇಷ್ಟು ಹಳೆಯ ಸನದುಳ್ಳ ಊರುಗಳು ಬಹಳವಿಲ್ಲ.

ಅರಸರ ಕಥೆ ಇಷ್ಟು ಸಾಕು. ಈ ಊರಿನಲ್ಲಿ ಹುಟ್ಟಿದವರಲ್ಲಿ ನಮ್ಮ ಮನಸ್ಸು ಗೆದ್ದವನು ಒಬ್ಬ ಕಮ್ಮಾರನ ಮಗ. ಹೆಸರು ರಿಚರ್ಡ್, ಹುಟ್ಟಿದ್ದು 1292ರಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ. ಊರಿನ ಮಠದ ಹಿರಿಯರು ಹುಡುಗನ ಬುದ್ಧಿಯನ್ನು ಕಂಡು ಸಾಕಿ, ಆಕ್ಸ್‌ಫರ್ಡಿಗೆ ಓದಲು ಕಳುಹಿಸಿದರು. ಗಣಿತ, ಜ್ಯೋತಿಶ್ಶಾಸ್ತ್ರಗಳಲ್ಲಿ ಅವನಿಗೆ ಸಮಾನರಿರಲಿಲ್ಲ. 1327ರಲ್ಲಿ ಸೇಂಟ್ ಆಲ್ಬನ್ಸ್ ಎಂಬ ಪ್ರಸಿದ್ಧ ಮಠಕ್ಕೆ ಅಧಿಪತಿಯಾದ. ಆಗಲೇ ಅವನಿಗೆ ಕುಷ್ಠರೋಗ ಅಂಟಿತ್ತು. ಆ ದೇಹವನ್ನಿಟ್ಟುಕೊಂಡೇ ಆತ ಒಂದು ಮಹಾ ಗಡಿಯಾರವನ್ನು ಕಟ್ಟಿಸತೊಡಗಿದ. ಅದು ಗಂಟೆಯನ್ನಷ್ಟೇ ಅಲ್ಲ, ಸೂರ್ಯಚಂದ್ರರ ಗತಿಯನ್ನೂ, ಲಂಡನ್ ಸೇತುವೆಯ ಬಳಿ ಭರತ ಇಳಿತ ಯಾವಾಗ ಎಂಬುದನ್ನೂ ತೋರಿಸುವ ಯಂತ್ರ. ಮಠವನ್ನು ನೋಡಲು ಬಂದ ಮೂರನೆಯ ಎಡ್ವರ್ಡ್ ದೊರೆ, ಚರ್ಚಿನ ಗೋಡೆ ಬೀಳುತ್ತಿರುವಾಗ ಗಡಿಯಾರಕ್ಕೆ ಹಣ ಸುರಿಯುವುದು ಸರಿಯೇ ಎಂದು ಕೇಳಿದನಂತೆ. ಗೋಡೆ ಕಟ್ಟುವವರು ನನ್ನ ಬಳಿಕವೂ ಸಿಕ್ಕಾರು, ಈ ಗಡಿಯಾರವನ್ನು ಮುಗಿಸುವವರು ಸಿಗಲಾರರು ಎಂಬುದು ರಿಚರ್ಡನ ಉತ್ತರ. 1336ರಲ್ಲಿ ಅವನು ಕಾಲವಾದ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ ಗಡಿಯಾರವೂ ಹಾಳಾಯಿತು. ಆದರೆ ಅದರ ಕಟ್ಟೋಣದ ವಿವರವನ್ನು ಆತ ಬರೆದಿಟ್ಟದ್ದು ಉಳಿದಿದೆ. ಯಾಂತ್ರಿಕ ಗಡಿಯಾರವೊಂದರ ಇಷ್ಟು ವಿವರವಾದ ವರ್ಣನೆ ಅದಕ್ಕಿಂತ ಹಳೆಯದು ಜಗತ್ತಿನಲ್ಲೇ ಸಿಕ್ಕಿಲ್ಲ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ನಮ್ಮ ವಾಚಕರು ಈ ಕಮ್ಮಾರನ ಮಗನನ್ನು ನೆನಪಿಡಬೇಕು.

ಇನ್ನು ಊರಿನ ಇಳಿಗಾಲದ ಮಾತು. 1349ರಲ್ಲಿ ಬಂದ ಪ್ಲೇಗ್ ಮಹಾಮಾರಿ ಬಹು ಜನರನ್ನು ಕೊಂಡೊಯ್ದಿತು. ಒಂದು ಕಾಲಕ್ಕೆ ಹತ್ತಕ್ಕಿಂತ ಹೆಚ್ಚು ಚರ್ಚುಗಳಿದ್ದ ಊರಿನಲ್ಲಿ ಅವು ಒಂದೊಂದಾಗಿ ಮುಚ್ಚಿದವು. ಆದರೆ ವಾಲಿಂಗ್‌ಫರ್ಡಿನ ಬೆನ್ನುಮೂಳೆ ಮುರಿದದ್ದು ಪ್ಲೇಗಿನಿಂದಲ್ಲ, ಇನ್ನೊಂದು ಊರಿನ ಸೇತುವೆಯಿಂದ ಎಂಬುದು ನಮ್ಮ ಅಭಿಪ್ರಾಯ. ಲಂಡನ್ನಿನಿಂದ ಪಶ್ಚಿಮದ ಗ್ಲಾಸ್ಟರಿಗೆ ಹೋಗುವ ಹೆದ್ದಾರಿ ವಾಲಿಂಗ್‌ಫರ್ಡಿನ ಮೂಲಕ ಹಾದು ಹೋಗುತ್ತಿತ್ತು. ಉಣ್ಣೆಯ ವ್ಯಾಪಾರಿಗಳು, ಕುದುರೆಗಳು, ಬಂಡಿಗಳು ಎಲ್ಲವೂ ಇಲ್ಲೇ ಇಳಿದು, ಉಂಡು, ಮಲಗಿ, ಸೇತುವೆಯ ಸುಂಕ ತೆತ್ತು ಮುಂದೆ ಹೋಗುತ್ತಿದ್ದವು. ಹೊಳೆಯ ಮೇಲ್ಭಾಗಕ್ಕೆ ಎಂಟು ಹತ್ತು ಮೈಲು ದೂರದ ಅಬಿಂಗ್ಡನ್ನಿನಲ್ಲಿ ದಾಟುವ ಜಾಗವಿದ್ದರೂ ಅದು ಅಪಾಯಕಾರಿ. 1416ರಲ್ಲಿ ಅಬಿಂಗ್ಡನ್ನಿನ ವರ್ತಕರು ಸಂಘ ಕಟ್ಟಿ, ಹಣ ಕೂಡಿಸಿ, ದೊರೆಯ ಅಪ್ಪಣೆ ಪಡೆದು ತಮ್ಮೂರಿಗೇ ಒಂದು ಕಲ್ಲಿನ ಸೇತುವೆ ಹಾಕಿಕೊಂಡರು. ಜೆಫ್ರಿ ಬಾರ್ಬರ್ ಎಂಬ ಸಾಹುಕಾರ ಕೈಬಿಚ್ಚಿ ಕೊಟ್ಟ. ಆಯಿತು, ಗ್ಲಾಸ್ಟರಿನ ಬಂಡಿಗಳೆಲ್ಲ ಹತ್ತಿರದ ದಾರಿ ಎಂದು ಅತ್ತ ತಿರುಗಿದವು. ವಾಲಿಂಗ್‌ಫರ್ಡಿನ ಸೇತುವೆ ಬೀಳಲಿಲ್ಲ, ಕೋಟೆ ಬೀಳಲಿಲ್ಲ, ಸನದನ್ನು ಯಾರೂ ಹರಿಯಲಿಲ್ಲ. ಗಿರಾಕಿ ಬರುವುದು ನಿಂತಿತು, ಅಷ್ಟೇ.

ಇದರ ರುಚಿ ನಮಗೆ ಗೊತ್ತು. ನಾವು ಹೋಟೆಲಿನ ಗಲ್ಲೆಯ ಮೇಲೆ ಕೂತಿದ್ದ ದಿನಗಳಲ್ಲಿ, ನಮ್ಮ ಬಾಗಿಲ ಮುಂದಿದ್ದ ಬಸ್ ನಿಲ್ದಾಣವನ್ನು ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಎರಡು ಫರ್ಲಾಂಗು ಮುಂದಕ್ಕೆ ಒಯ್ದರು. ಇಡ್ಲಿ ಅದೇ, ಸಾಂಬಾರು ಅದೇ, ಕಾಫಿಪುಡಿ ಅದೇ ಅಂಗಡಿಯದು. ಆದರೆ ಬೆಳಗಿನ ಹೊತ್ತು ತುಂಬಿರುತ್ತಿದ್ದ ಮೇಜುಗಳಲ್ಲಿ ಅರ್ಧ ಬರಿದು. ಅಡಿಗೆಭಟ್ಟರು ತಮ್ಮ ಕೈಗುಣ ಕೆಟ್ಟಿತೋ ಏನೋ ಎಂದು ಕೊರಗಿದರು. ಕೈಗುಣ ಕೆಟ್ಟಿರಲಿಲ್ಲ, ದಾರಿ ತಿರುಗಿತ್ತು. ಆರು ತಿಂಗಳಲ್ಲಿ ನಾಲ್ಕು ಮಂದಿ ಮಾಣಿಗಳಿಗೆ ಲೆಕ್ಕ ಕೊಟ್ಟು ಊರಿಗೆ ಕಳುಹಿಸಬೇಕಾಯಿತು. ಆದುದರಿಂದ 1416ರ ಅನಂತರದ ವಾಲಿಂಗ್‌ಫರ್ಡಿನ ಛತ್ರದ ಯಜಮಾನರನ್ನು ನೆನೆದರೆ ನಮಗೆ ಅವರು ಆರುನೂರು ವರ್ಷ ಹಿಂದಿನವರೆಂದು ಅನ್ನಿಸುವುದೇ ಇಲ್ಲ.

ಕೋಟೆಯ ಅಂತ್ಯ 17ನೆಯ ಶತಮಾನದಲ್ಲಿ. ದೊರೆ ಒಂದನೆಯ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ವಾಲಿಂಗ್‌ಫರ್ಡ್ ದೊರೆಯ ಪಕ್ಷ. ಶತ್ರುವನ್ನು ತಡೆಯಲು ಸೇತುವೆಯ ನಾಲ್ಕು ಕಮಾನುಗಳನ್ನು ಕಿತ್ತು ಎತ್ತುಹಲಗೆ ಹಾಕಿದರು. ಆಕ್ಸ್‌ಫರ್ಡ್ 1646ರ ಜೂನಿನಲ್ಲಿ ಶರಣಾದ ಮೇಲೂ ಕರ್ನಲ್ ಬ್ಲಾಗ್ ಎಂಬಾತ ಇಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿದು ನಿಂತ. ಜುಲೈ 27ರಂದು ಗೌರವದೊಡನೆ ಹೊರಬಂದ. 1652ರಲ್ಲಿ ಸರಕಾರದ ಹುಕುಮಿನಂತೆ ಕೋಟೆಯನ್ನು ನೆಲಸಮ ಮಾಡಿದರು. ಇಂದು ಅಲ್ಲಿರುವುದು ದಿಬ್ಬ, ಕಂದಕ, ಒಂದೆರಡು ಮುರುಕು ಗೋಡೆ, ಮತ್ತು ಊರವರು ಅಡ್ಡಾಡುವ ಉದ್ಯಾನ. ಕಿತ್ತ ಕಮಾನುಗಳನ್ನು 1751ರಲ್ಲಿ ಕಲ್ಲಿನಿಂದ ಮತ್ತೆ ಕಟ್ಟಿದರು. 1809ರ ನೆರೆಯಲ್ಲಿ ಮೂರು ಕಮಾನು ಕೆಟ್ಟು ಅವನ್ನೂ ಹೊಸದಾಗಿ ಮಾಡಿದರು. ಸುಮಾರು 900 ಅಡಿ ಉದ್ದದ, 19 ಕಮಾನುಗಳ ಈ ಸೇತುವೆಯ ಹಳೆಯ ಭಾಗಗಳು 13ನೆಯ ಶತಮಾನದವು. ಬೇಸಿಗೆಯಲ್ಲಿ ನೀರು ಹರಿಯುವುದು ಕೆಲವೇ ಕಮಾನುಗಳ ಕೆಳಗೆ. ಉಳಿದವು ಹುಲ್ಲುಗಾವಲಿನ ಮೇಲೆ ಸುಮ್ಮನೆ ನಿಂತಂತೆ ಕಾಣುತ್ತವೆ. ನೆರೆ ಬಂದ ದಿನ ಅವು ಏಕೆ ಬೇಕೆಂಬುದು ತಿಳಿಯುತ್ತದೆ.

ಅನಂತರದ ಊರು ಸಂತೆಯ ಊರು, ಬಾರ್ಲಿ ಮೊಳಕೆ ಕಟ್ಟಿ ಬಿಯರ್ ಮಾಡುವವರ ಊರು. ಸಂತೆಯ ಚೌಕದಲ್ಲಿ 1670ರ ಪುರಭವನವು ಕಂಬಗಳ ಮೇಲೆ ನಿಂತಿದೆ. ಹೈ ಸ್ಟ್ರೀಟಿನಲ್ಲಿ ಜಾರ್ಜ್ ಎಂಬ ಬಹು ಹಳೆಯ ಹೋಟೆಲೊಂದುಂಟು. ಅದರ ಒಂದು ಕೋಣೆಯ ಗೋಡೆಯಲ್ಲಿ ಕಣ್ಣೀರ ಹನಿಗಳ ಚಿತ್ರವಿದೆ. ತನ್ನ ಪ್ರಿಯನು ಜಗಳದಲ್ಲಿ ಕೊಲೆಯಾದಾಗ ಹೋಟೆಲು ಯಜಮಾನನ ಮಗಳು ಒಲೆಯ ಮಸಿಯನ್ನು ಕಣ್ಣೀರಿನಲ್ಲಿ ಕಲಸಿ ಅದನ್ನು ಬರೆದಳೆಂದು ಐತಿಹ್ಯ. ನಿಜವೋ ಸುಳ್ಳೋ, ಕೋಣೆಯ ಬಾಡಿಗೆಗೆ ಅದರಿಂದ ನಷ್ಟವಂತೂ ಆಗಿರಲಾರದು!

ಇಂಗ್ಲಿಷ್ ಕಾನೂನಿನ ಮೇಲೆ ನಾಲ್ಕು ಸಂಪುಟಗಳ ಭಾಷ್ಯ ಬರೆದ ವಿಲಿಯಂ ಬ್ಲಾಕ್‌ಸ್ಟನ್ನನ ಹೆಸರನ್ನು ವಕೀಲರ ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತರು ಕೇಳಿಯೇ ಇರುವರು. ಆತ 1749ರಿಂದ ಈ ಊರಿನ ನ್ಯಾಯಾಧಿಕಾರಿ. ಹೊಸ ರಸ್ತೆಗಳು ಊರಿನ ಮೂಲಕ ಹಾಯಬೇಕೆಂದೂ ಸೇಂಟ್ ಪೀಟರ್ ಚರ್ಚು ಮತ್ತೆ ಏಳಬೇಕೆಂದೂ ದುಡಿದವನು. 1780ರಲ್ಲಿ ತೀರಿಕೊಂಡ ಆತನನ್ನು ಹೂಳಿದ್ದು ಆ ಚರ್ಚಿನಲ್ಲೇ. ಪತ್ತೇದಾರಿ ಕಾದಂಬರಿಗಳ ರಾಣಿ ಅಗಾಥಾ ಕ್ರಿಸ್ಟಿ 1934ರಲ್ಲಿ ಊರಂಚಿನ ವಿಂಟರ್‌ಬ್ರೂಕ್‌ನಲ್ಲಿ ಮನೆ ಕೊಂಡು, 1976ರ ಜನವರಿ 12ರಂದು ಅಲ್ಲಿಯೇ ಕೊನೆಯುಸಿರೆಳೆದರು. ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತ ಅವರ ಪ್ರತಿಮೆಯನ್ನು 2023ರಲ್ಲಿ ಊರಲ್ಲಿ ನಿಲ್ಲಿಸಿದ್ದಾರೆ.

ರೈಲು ಬಂದಾಗಲೂ ಈ ಊರಿನ ಹಣೆಬರಹ ಹಳೆಯದೇ. 1840ರಲ್ಲಿ ಲಂಡನ್ನಿನಿಂದ ಪಶ್ಚಿಮಕ್ಕೆ ಹಾಕಿದ ಹಳಿ ಊರನ್ನು ಬಿಟ್ಟು ಮೂರು ಮೈಲು ಆಚೆ ಹಾದುಹೋಯಿತು. 1866ರಲ್ಲಿ ಊರಿಗೊಂದು ಕವಲು ದಾರಿ ಬಂತು. ಅದನ್ನು ನದಿಯಾಚೆಯ ವಾಟ್ಲಿಂಗ್ಟನ್ನಿಗೆ ಒಯ್ಯಬೇಕೆಂದಿತ್ತು, ಕಂಪೆನಿಯ ಹೆಸರಿನಲ್ಲೂ ವಾಟ್ಲಿಂಗ್ಟನ್ ಇತ್ತು. ಆದರೆ ಹಳಿ ಹೊಳೆ ದಾಟಲೇ ಇಲ್ಲ. ಹೊಳೆ ದಾಟುವುದಕ್ಕೆಂದೇ ಹುಟ್ಟಿದ ಊರಿನಲ್ಲಿ ಹೀಗಾದುದು ವಿಚಿತ್ರವೇ ಸರಿ. 1959ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು. 1993ರಲ್ಲಿ ಊರ ಹೊರಗೆ ಸುತ್ತುರಸ್ತೆಯೂ ಹೊಸ ಸೇತುವೆಯೂ ಆದವು. ಈ ಸಲ ಮಾತ್ರ ಊರವರಿಗೆ ಅದು ಶಾಪವಾಗಿ ಕಾಣಲಿಲ್ಲ. ಇಕ್ಕಟ್ಟಾದ ಹಳೆಯ ಸೇತುವೆಯ ಮೇಲಿನ ಭಾರ ಇಳಿಯಿತು.

ಇಷ್ಟೂ ನೀರಿರುವ ಸೀಮೆಯ ಮಗ್ಗುಲಲ್ಲೇ ನೀರಿಲ್ಲದ ಹಳ್ಳಿಗಳಿದ್ದವೆಂದರೆ ವಾಚಕರು ನಂಬಲಿಕ್ಕಿಲ್ಲ. ಚಿಲ್ಟರ್ನ್ ಗುಡ್ಡದ ಬಿಳಿಗಲ್ಲು ಮಳೆಯನ್ನು ಕುಡಿದು ಬಹಳ ಆಳಕ್ಕೆ ಇಳಿಸಿಬಿಡುತ್ತದೆ. ಮೇಲೆ ಕೆರೆಯಿಲ್ಲ, ತೊರೆಯಿಲ್ಲ. ವಾಲಿಂಗ್‌ಫರ್ಡಿನ ಆಗ್ನೇಯಕ್ಕಿರುವ ಸ್ಟೋಕ್ ರೋ ಎಂಬ ಹಳ್ಳಿಯ ಬಡವರು ಮಳೆನೀರನ್ನೂ ಹೊಂಡದ ನೀರನ್ನೂ ಹಿಡಿದಿಟ್ಟು ಬದುಕುತ್ತಿದ್ದರು. ಅದೇ ಸೀಮೆಯಲ್ಲಿ ಬೆಳೆದ ಎಡ್ವರ್ಡ್ ರೀಡ್ ಎಂಬವರು ಕಂಪೆನಿ ಸರಕಾರದ ಅಧಿಕಾರಿಯಾಗಿ ಕಾಶಿಯ ಕಡೆ ಇದ್ದರು. ಆಜಂಗಢದಲ್ಲಿ ಒಂದು ಬಾವಿಯನ್ನೂ ತೋಡಿಸಿದ್ದರು. ಮನೆಯಲ್ಲಿ ಉಳಿದಿದ್ದ ಕೊನೆಯ ನೀರನ್ನು ಕುಡಿದುಬಿಟ್ಟನೆಂದು ತಾಯಿಯಿಂದ ಪೆಟ್ಟು ತಿಂದ ತಮ್ಮೂರ ಕಡೆಯ ಹುಡುಗನೊಬ್ಬನ ಕಥೆಯನ್ನು ಅವರು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ ನಾರಾಯಣ ಸಿಂಹರಿಗೆ ಹೇಳಿದ್ದರು. ಮಹಾರಾಜರು ಅದನ್ನು ಮರೆಯದೆ, ಆ ಹಳ್ಳಿಗೆ ತಮ್ಮ ಖರ್ಚಿನಲ್ಲಿ ಬಾವಿ ತೋಡಿಸಿಕೊಟ್ಟರು. 368 ಅಡಿ ಆಳ, 4 ಅಡಿ ಅಗಲ. ಇಡಿಯದೂ ಕೈಯಿಂದ ತೋಡಿದ್ದು. ನೀರೆತ್ತುವ ಯಂತ್ರವನ್ನು ಮಾಡಿದವರು ವಾಲಿಂಗ್‌ಫರ್ಡಿನ ವೈಲ್ಡರ್ ಎಂಬ ಎರಕದ ಕಾರ್ಖಾನೆಯವರು. 1864ರ ಮೇ 24ರಂದು ಬಾವಿಯನ್ನು ಜನರಿಗೆ ಬಿಟ್ಟುಕೊಟ್ಟರು. ಮೇಲೆ ಗೋಪುರದಂತಹ ಗುಮ್ಮಟ, ಯಂತ್ರದ ಮೇಲೆ ಹೊಂಬಣ್ಣದ ಆನೆ. ಇಂಗ್ಲೆಂಡಿನ ಹಳ್ಳಿಯ ಬೀದಿಯಲ್ಲಿ ಕಾಶಿಯ ಒಂದು ತುಣುಕು. ಆಳುವವರ ದೇಶಕ್ಕೆ ಆಳಿಸಿಕೊಳ್ಳುವವರ ದೇಶದಿಂದ ನೀರಿನ ದಾನ ಹೋದ ಸಂಗತಿಯನ್ನು ಶಾಲೆಯ ಚರಿತ್ರೆ ಪುಸ್ತಕಗಳು ನಮಗೆ ಹೇಳಿರಲಿಲ್ಲ.

ಈಗ ಹೊಸಕೋಟೆಯ ಮಾತು. ವಾಲಿಂಗ್‌ಫರ್ಡಿನ ಸೇತುವೆ ದಾಟಿದೊಡನೆ ಕ್ರೌಮಾರ್ಷ್ ಎಂಬ ಹಳ್ಳಿ. ಬೀಜ ಬಿತ್ತುವ ಯಂತ್ರವನ್ನು ಜೆಥ್ರೊ ಟಲ್ ಎಂಬ ರೈತ 1701ರ ಸುಮಾರಿಗೆ ಕಂಡುಹಿಡಿದದ್ದು ಇಲ್ಲಿಯೇ ಎನ್ನುತ್ತಾರೆ. ನಮ್ಮ ಬಯಲುಸೀಮೆಯ ಒಕ್ಕಲಿಗರಿಗೆ ಕೂರಿಗೆ ತಲೆತಲಾಂತರದ ಪರಿಚಯವಾದ್ದರಿಂದ ಇದರಲ್ಲಿ ಬೆರಗೇನೂ ಕಾಣದು. ಇದೇ ಹಳ್ಳಿಯ ಹೌಬರಿ ಪಾರ್ಕ್‌ಗೆ 1951ರಲ್ಲಿ ನದಿ, ಬಂದರು, ಪ್ರವಾಹಗಳನ್ನು ಮಾದರಿ ಕಟ್ಟಿ ಪರೀಕ್ಷಿಸುವ ಸರಕಾರಿ ಸಂಶೋಧನಾಲಯ ಬಂತು. 1960ರ ದಶಕದಲ್ಲಿ ಜಲವಿಜ್ಞಾನ ಸಂಸ್ಥೆಯೂ ಹುಟ್ಟಿತು. ಮಳೆಯಾಗಿ ಬಿದ್ದ ನೀರಿನಲ್ಲಿ ಎಷ್ಟು ಹೊಳೆಗೆ, ಎಷ್ಟು ನೆಲಕ್ಕೆ, ಎಷ್ಟು ಮರದ ಎಲೆಯಿಂದ ಆಕಾಶಕ್ಕೆ ಎಂದು ಜಮಾಖರ್ಚು ಬರೆಯುವುದು ಇಲ್ಲಿನವರ ಕಸಬು. ಹಿಂದೆ ಹೊಳೆ ದಾಟುವವರಿಂದ ಬದುಕಿದ ಊರಿಗೆ ಹೊಳೆಯ ಲೆಕ್ಕ ಬರೆಯುವವರೂ ನೆರೆಯವರಾಗಿ ಬಂದರು.

1980ರ ದಶಕದಲ್ಲಿ ನಮ್ಮ ನಾಡಿನಲ್ಲಿ ನೀಲಗಿರಿ ಮರದ ಮೇಲೆ ದೊಡ್ಡ ರಂಪವೆದ್ದದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ನೆಟ್ಟು ಮರವನ್ನು ಕಾರ್ಖಾನೆಗೆ ಮಾರುವುದು ಹೆಚ್ಚಿತು. ಮರ ನೆಲದ ನೀರನ್ನೆಲ್ಲ ಹೀರಿ ಬಾವಿ ಬತ್ತಿಸುತ್ತದೆಂದು ಒಕ್ಕಲಿಗರ ಕೂಗು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಗಳನ್ನೇ ಕಿತ್ತೆಸೆದರು. ಅದೆಲ್ಲ ಮೂಢನಂಬಿಕೆ ಎಂದು ಇನ್ನೊಂದು ಪಕ್ಷ. ಆಗ ಕರ್ನಾಟಕದ ಅರಣ್ಯ ಇಲಾಖೆ ಮತ್ತು ಮೈಸೂರು ಕಾಗದದ ಕಾರ್ಖಾನೆಯವರ ಜತೆಗೂಡಿ ಇದನ್ನು ಅಳೆಯಲು ಬಂದವರು ವಾಲಿಂಗ್‌ಫರ್ಡಿನ ಜಲವಿಜ್ಞಾನಿಗಳು ಮತ್ತು ಆಕ್ಸ್‌ಫರ್ಡಿನ ಅರಣ್ಯಶಾಸ್ತ್ರಜ್ಞರು. ಇಯಾನ್ ಕಾಲ್ಡರ್ ಎಂಬವರು ಅವರಲ್ಲಿ ಮುಖ್ಯರು. ಶಿವಮೊಗ್ಗೆಯ ಹತ್ತಿರವೂ ಬೆಂಗಳೂರು ಬಳಿಯ ಹೊಸಕೋಟೆಯಲ್ಲಿಯೂ ಮಣ್ಣಿನ ತೇವವನ್ನು ಆಳಾಳಕ್ಕೆ ಅಳೆದರು. ಮರ ಎಷ್ಟು ನೀರು ಕುಡಿಯುತ್ತದೆಂದು ತಿಳಿಯಲು ಕಾಂಡಕ್ಕೆ ಗುರುತಿನ ದ್ರವವನ್ನು ಚುಚ್ಚಿ ಎಲೆಯಲ್ಲಿ ಹುಡುಕಿದರು. 1991ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮ್ಮೇಳನದಲ್ಲಿ ಫಲಿತಾಂಶವನ್ನು ಮಂಡಿಸಿದರು.

ಉತ್ತರ ಎರಡೂ ಪಕ್ಷಗಳಿಗೆ ಪೂರ್ತಿ ಸಮಾಧಾನ ಕೊಡುವಂತಹದಾಗಿರಲಿಲ್ಲ. ಶಿವಮೊಗ್ಗೆಯ ಕಡೆ, ಮಣ್ಣು ಹೆಚ್ಚು ಆಳವಿಲ್ಲದ ಜಾಗದಲ್ಲಿ, ನೀಲಗಿರಿ ಕುಡಿದದ್ದು ನಮ್ಮ ನಾಡಕಾಡಿನ ಮರಗಳು ಕುಡಿಯುವಷ್ಟೇ, ಹೆಚ್ಚಲ್ಲ. ಆದರೆ ಕಾಡಾಗಲಿ ನೀಲಗಿರಿಯಾಗಲಿ ಕುಡಿಯುವುದು ರಾಗಿ ಬೆಳೆಯ ಸುಮಾರು ಇಮ್ಮಡಿ. ಹೊಸಕೋಟೆಯ ಆಳವಾದ ಮಣ್ಣಿನಲ್ಲಂತೂ ಎಳೆಯ ನೀಲಗಿರಿ ಮರಗಳು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದ್ದವು. ಅಂದರೆ ಬೇರುಗಳು ಕೆಳಗಿಳಿದು ಹಿಂದಿನ ವರ್ಷಗಳ ಉಳಿತಾಯಕ್ಕೇ ಕೈ ಹಾಕಿದ್ದವು. ರಾಗಿ ಹೊಲವನ್ನು ನೀಲಗಿರಿ ತೋಪು ಮಾಡಿದರೆ ಬಾವಿಗೆ ಇಳಿಯುವ ನೀರು ಇಲ್ಲವಾಗುತ್ತದೆಂದು ಓದು ಬಾರದ ಒಕ್ಕಲಿಗರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚೇ ಸತ್ಯವಿತ್ತು. ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ್ದು 2017ರಲ್ಲಿ. ಅಳತೆ ಮುಗಿದು ಕಾಲು ಶತಮಾನವಾದ ಮೇಲೆ.

ಮಕ್ಕಳೋ ನೆಂಟರೋ ಲಂಡನ್ನಿನಲ್ಲಿರುವ ವಾಚಕರು ನಮ್ಮಲ್ಲಿ ಹಲವರಿದ್ದಾರೆ. ಅವರಲ್ಲಿಗೆ ಹೋದಾಗ ಒಂದು ದಿನವನ್ನು ಈ ಊರಿಗೆ ಕೊಡಬಹುದು. ಪ್ಯಾಡಿಂಗ್ಟನ್ ನಿಲ್ದಾಣದಿಂದ ಚೋಲ್ಸಿಯವರೆಗೆ ರೈಲು. ಅಗಾಥಾ ಕ್ರಿಸ್ಟಿಯವರ ಸಮಾಧಿಯಿರುವುದು ಆ ಹಳ್ಳಿಯ ಚರ್ಚಿನ ಅಂಗಳದಲ್ಲೇ. ಅಲ್ಲಿಂದ ವಾಲಿಂಗ್‌ಫರ್ಡಿಗೆ ಸುಮಾರು ಮೂರು ಮೈಲು. ಮುಚ್ಚಿಹೋಗಿದ್ದ ಕವಲು ರೈಲನ್ನು ಉತ್ಸಾಹಿಗಳು ಸ್ವಯಂಸೇವೆಯಿಂದ ಉಳಿಸಿಕೊಂಡಿದ್ದು, ಕೆಲವು ರಜಾದಿನಗಳಲ್ಲಿ ಓಡಿಸುತ್ತಾರೆ; ‘ಬಂಕ್’ ಎಂದು ಅದಕ್ಕೆ ಅಡ್ಡಹೆಸರು. ಅದಿಲ್ಲದ ದಿನ ನಡೆದರೂ ಒಂದು ತಾಸಿನ ದಾರಿ. ಕೋಟೆಯ ಉದ್ಯಾನಕ್ಕೂ ಕಿನೆಕ್ರಾಫ್ಟಿನ ಮಣ್ಣಿನ ದಿಬ್ಬಕ್ಕೂ ಟಿಕೇಟಿಲ್ಲ.